ಆಸ್ಕರ್ ರಾಬರ್ಟ್‌ಸನ್ ಯಾರವರು?

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಬಲ್ಲ ನಾಲ್ಕು ಜನ ಒಂದೆಡೆ ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ. ಈ ನೆಲದಲ್ಲಿ ಬೆಳೆದು ಕಾಲೇಜು ತಂಡಗಳಿಗೆ ಹೋದ ಗಾರ್ಡ್‌ಗಳು ನಿಜಕ್ಕೂ ಎಷ್ಟು ಒಳ್ಳೆಯವರು? ಗಾರ್ಡ್ ಎಂದರೆ ಚೆಂಡನ್ನು ಪುಟಿಸುತ್ತ ಮುಂದಕ್ಕೆ ತರುವವನು, ಅದನ್ನು ಯಾರಿಗೆ ಯಾವಾಗ ಕೊಡಬೇಕೆಂದು ಕ್ಷಣದಲ್ಲಿ ನಿರ್ಧರಿಸುವವನು, ದೂರದಿಂದ ಬುಟ್ಟಿಗೆ ಗುರಿಯಿಡುವವನು. ಏಳಡಿ ಎತ್ತರವನ್ನು ಯಾರೂ ಕಲಿಸಲಾರರು. ಗಾರ್ಡ್‌ನ ಕೈ, ಕಣ್ಣು, ತಾಳ್ಮೆಗಳನ್ನು ಮಾತ್ರ ಕಲಿಸಬಹುದು, ಕಲಿಯಬಹುದು. ಆದ್ದರಿಂದಲೇ ಒಂದು ಊರಿಗೆ "ಇವನನ್ನು ಬೆಳೆಸಿದ್ದು ನಾವು" ಎಂದು ಎದೆಯುಬ್ಬಿಸಿ ಹೇಳಲು ಗಾರ್ಡ್‌ಗಿಂತ ತಕ್ಕ ಆಟಗಾರ ಸಿಗುವುದಿಲ್ಲ.

ವಾದಕ್ಕೆ ಸಾಮಗ್ರಿಯಂತೂ ಹೇರಳ. ಮಾರ್ಟಿನ್ಸ್‌ವಿಲ್ ಶಾಲೆಯಿಂದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋಗಿ ಮೂರು ವರ್ಷ ಆಲ್-ಅಮೆರಿಕನ್, ಅಂದರೆ ದೇಶದ ಶ್ರೇಷ್ಠ ಕಾಲೇಜು ಆಟಗಾರರಲ್ಲೊಬ್ಬ, ಎನಿಸಿದ ಜಾನ್ ವುಡನ್ ಇದ್ದಾರೆ. ಮುಂದೆ ಅವರೇ ತರಬೇತುದಾರರಾಗಿ ಯುಸಿಎಲ್‌ಎ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಲೆಬನಾನ್ ಎಂಬ ಪಟ್ಟಣದ ರಿಕ್ ಮೌಂಟ್ 1970ರಲ್ಲಿ ಅಯೋವಾ ವಿರುದ್ಧ ಒಂದೇ ಪಂದ್ಯದಲ್ಲಿ 61 ಅಂಕ ಗಳಿಸಿದರು, ಅದೂ ಮೂರು ಅಂಕದ ಗೆರೆ ಇನ್ನೂ ಬಂದಿರದ ಕಾಲದಲ್ಲಿ. ನ್ಯೂ ಕ್ಯಾಸಲ್‌ನ ಸ್ಟೀವ್ ಆಲ್ಫರ್ಡ್ ಕಾಲೇಜಿನಲ್ಲಿದ್ದಾಗಲೇ 1984ರ ಒಲಿಂಪಿಕ್ ಚಿನ್ನ ಗೆದ್ದು, 1987ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಪಟ್ಟಕ್ಕೆ ಒಯ್ದರು. ಇಂಡಿಯಾನಾಪೊಲಿಸ್‌ನಲ್ಲಿ ಬೆಳೆದ ಮೈಕ್ ಕಾನ್ಲಿ ಓಹಾಯೊ ಸ್ಟೇಟ್‌ಗೆ ಹೋದರು, ಕೈಲ್ ಗೈ ವರ್ಜೀನಿಯಾಕ್ಕೆ ಹೋಗಿ 2019ರಲ್ಲಿ ಆ ತಂಡವನ್ನು ಗೆಲ್ಲಿಸಿದರು. ಈ ಎಲ್ಲರಿಗಿಂತ ಮೇಲೆ ಆಸ್ಕರ್ ರಾಬರ್ಟ್‌ಸನ್. ಅಂಕಿಗಳನ್ನು ಎದುರಿಟ್ಟುಕೊಂಡು ವಾದಿಸಿದರೆ ಇಂಡಿಯಾನಾ ಗೆಲ್ಲುತ್ತದೆ ಎಂದೇ ಹೇಳಬೇಕು. ಅಷ್ಟು ಜನಸಂಖ್ಯೆಯ ಇನ್ನೊಂದು ರಾಜ್ಯ ಇಂಥ ಸಾಲನ್ನು ತೋರಿಸುವುದು ಕಷ್ಟ.

ಆದರೆ ಈ ವಾದದ ಅಡಿಯಲ್ಲಿ ಆಟಕ್ಕೆ ಸೇರದ ಪ್ರಶ್ನೆಯೊಂದಿದೆ, ಅದಕ್ಕೆ ಅಂಕಿಗಳು ಉತ್ತರ ಕೊಡುವುದಿಲ್ಲ. ಒಬ್ಬನ ಪ್ರತಿಭೆಯ ಕೀರ್ತಿಯಲ್ಲಿ ಅವನು ಬೆಳೆದ ನೆಲಕ್ಕೆ ಪಾಲು ಇದೆಯೇ? ಇದ್ದರೆ ಆ ಪಾಲು ಬಂದದ್ದು ಎಲ್ಲಿಂದ?

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಧರ್ಮಕಾರ್ಯದ ಭಾಗವಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. ಮಾಂಟ್ರಿಯಲ್‌ನಲ್ಲಿ ದೈವಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ 1891ರ ಚಳಿಗಾಲದಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಈ ಆಟವನ್ನು ರೂಪಿಸಿದರು. ಧರ್ಮಪೀಠದಿಂದ ಉಪದೇಶ ಮಾಡುವುದಕ್ಕಿಂತ ಆಟದ ಮೂಲಕ ಯುವಕರನ್ನು ತಿದ್ದುವುದು ಕಡಿಮೆ ಸೇವೆಯಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ಅವರ ಆಟವನ್ನು ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ಗೆ ತಂದವರೂ ಒಬ್ಬ ಪಾದ್ರಿ, ನಿಕೊಲಸ್ ಮೆಕೇ. 1894ರಲ್ಲಿ ಅಲ್ಲಿ ಪಂದ್ಯ ನಡೆಯಿತು. ಅಲ್ಲಿಂದ ಮುಂದೆ ಅದು ಹಳ್ಳಿ ಹಳ್ಳಿಯ ಶಾಲೆಗಳಿಗೆ ಹಬ್ಬಿತು. ಬಯಲಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಊರಿನವರೆಲ್ಲ ಸೇರುವ ಜಾಗ ಶಾಲೆಯ ಆಟದ ಮನೆಯಾಯಿತು. ಮಾರ್ಟಿನ್ಸ್‌ವಿಲ್‌ನವರು 1924ರಲ್ಲಿ ಕಟ್ಟಿದ್ದು ಹೆಚ್ಚುಕಡಿಮೆ ಇಡೀ ಊರೇ ಒಳಗೆ ಕೂರಬಹುದಾದ ಕ್ರೀಡಾಂಗಣ. ನ್ಯೂ ಕ್ಯಾಸಲ್‌ನ ಶಾಲಾ ಕ್ರೀಡಾಂಗಣ ಅಮೆರಿಕದಲ್ಲೇ ಅತಿ ದೊಡ್ಡದೆಂದು ಹೆಸರಾಯಿತು. 1925ರಲ್ಲಿ ಈ ರಾಜ್ಯದ ಶಾಲಾ ಫೈನಲ್ ನೋಡಲು ನೈಸ್ಮಿತ್ ತಾವೇ ಬಂದಿದ್ದರು.

ಹಾಗಾದರೆ ಆಲ್ಫರ್ಡ್‌ನ ಗುರಿ ಆಲ್ಫರ್ಡ್‌ನದು ಮಾತ್ರವೇ? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕರ್ಮ ನೆರವೇರಲು ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಮಾಡುವವನು ಐದರಲ್ಲಿ ಒಬ್ಬ ಮಾತ್ರ. ತಾನೊಬ್ಬನೇ ಮಾಡಿದೆನೆಂದು ತಿಳಿದವನು ಸರಿಯಾಗಿ ಕಂಡಿಲ್ಲ ಎಂದು ಮುಂದಿನ ಮಾತು. ಶಂಕರರು ಅಧಿಷ್ಠಾನವನ್ನು ದೇಹವೆಂದೇ ವಿವರಿಸುತ್ತಾರೆ, ಊರೆಂದಲ್ಲ. ಆದ್ದರಿಂದ ಗೀತೆ ಇಂಡಿಯಾನಾದ ಪರ ಸಾಕ್ಷಿ ಹೇಳುತ್ತದೆ ಎನ್ನುವುದು ಅತಿಯಾದೀತು. ಆದರೆ "ನಾನೇ ಮಾಡಿದೆ" ಎಂಬುದನ್ನು ಸಡಿಲಿಸುವ ಆ ಮಾತು "ನಾವೇ ಮಾಡಿದೆವು" ಎಂಬ ಊರಿನ ಅಹಂಕಾರವನ್ನೂ ಅಷ್ಟೇ ಸಡಿಲಿಸುತ್ತದೆ.

ಇದೇ ಪ್ರಶ್ನೆಯನ್ನು ಹಾರ್ವರ್ಡ್‌ನ ಇಬ್ಬರು ತತ್ತ್ವಜ್ಞಾನಿಗಳು ಬೇರೆ ದಾರಿಯಲ್ಲಿ ಎತ್ತಿದರು. ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ನ್ಯಾಯದ ಕುರಿತ ತಮ್ಮ ಮಹಾಗ್ರಂಥದಲ್ಲಿ, ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹರಾಗಿ ಹುಟ್ಟಿರುವುದಿಲ್ಲ, ಅದು ಬಂದದ್ದು ಅದೃಷ್ಟದಿಂದ ಎಂದರು. ಪ್ರತಿಭೆಗಳ ಹಂಚಿಕೆಯನ್ನು ಸಮಾಜ ಒಟ್ಟಿನ ಆಸ್ತಿಯಂತೆ ಕಾಣಬೇಕು. ಪ್ರತಿಭಾವಂತ ತನ್ನ ಅದೃಷ್ಟದಿಂದ ಪಡೆದ ಲಾಭ ಅದೃಷ್ಟವಿಲ್ಲದವರಿಗೂ ಒದಗಬೇಕು. 1974ರಲ್ಲಿ ರಾಬರ್ಟ್ ನೋಜಿಕ್ ಇದನ್ನು ಎದುರಿಸಿದರು. ಅವರು ಉದಾಹರಣೆಗೆ ಆರಿಸಿಕೊಂಡದ್ದು ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನನ್ನೇ, ವಿಲ್ಟ್ ಚೇಂಬರ್ಲೇನ್‌ರನ್ನು. ಹತ್ತು ಲಕ್ಷ ಜನ ತಾವಾಗಿಯೇ ಒಬ್ಬೊಬ್ಬರೂ 25 ಸೆಂಟ್ ಕೊಟ್ಟು ಅವರ ಆಟ ನೋಡಿದರೆ, ಕೂಡಿದ ಎರಡೂವರೆ ಲಕ್ಷ ಡಾಲರ್ ಅವರದಲ್ಲ ಎನ್ನಲು ಯಾರಿಗೆ ಅಧಿಕಾರ? ಪ್ರತಿಭೆ ಅದೃಷ್ಟದಿಂದ ಬಂದಿದ್ದರೂ ಅದು ಅವನ ಮೈಯಲ್ಲಿದೆ, ಆದ್ದರಿಂದ ಅವನದೇ.

ಇಬ್ಬರ ಮಾತಿನಲ್ಲೂ ಬಲವಿದೆ, ಆದರೆ ಗಾರ್ಡ್‌ನ ವಿಚಾರಕ್ಕೆ ಬಂದಾಗ ಇಬ್ಬರೂ ಒಂದು ಸಂಗತಿಯನ್ನು ಬದಿಗಿಟ್ಟಂತೆ ಕಾಣುತ್ತದೆ. ಹುಡುಗನಿಗೂ ಊರಿಗೂ ನಡುವಿನ ಸಂಬಂಧ ಪ್ರತಿಭೆ ಕಾಣುವ ಮೊದಲೇ ಶುರುವಾಗಿರುತ್ತದೆ. ಊರು ಅವನನ್ನು ತನ್ನವನೆಂದದ್ದು ಯಾವಾಗ? ಗೆದ್ದ ಮೇಲೋ, ಗೆಲ್ಲುವ ಮುಂಚೆಯೋ?

ಎದುರು ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದೇ ಭಾವಿಸುವಂತಾಗಲಿ ಎಂದು ಬಸವಣ್ಣ ಕೂಡಲಸಂಗಮದೇವನಲ್ಲಿ ಬೇಡಿಕೊಂಡದ್ದು ಹನ್ನೆರಡನೆಯ ಶತಮಾನದಲ್ಲಿ. ಆ ಪ್ರಾರ್ಥನೆಯಲ್ಲಿ ಬಂದವನ ಯೋಗ್ಯತೆಯ ಮಾತೇ ಇಲ್ಲ. ಅವನು ಏನನ್ನೂ ಸಾಧಿಸಿ ತೋರಿಸಬೇಕಿಲ್ಲ, ಮೊದಲು ನಮ್ಮವನು. ತಮ್ಮ ನೆಲದ ಆಟಗಾರರ ಬಗ್ಗೆ ಹೆಮ್ಮೆಪಡುವ ಯಾವ ಸಮಾಜವನ್ನಾದರೂ ಅಳೆಯಲು ಇದಕ್ಕಿಂತ ಕಟ್ಟುನಿಟ್ಟಾದ ಅಳತೆ ಬೇಕಿಲ್ಲ.

ಈ ಅಳತೆಯಲ್ಲಿ ಇಂಡಿಯಾನಾ ಒಂದೆಡೆ ಬಹಳ ಎತ್ತರದಲ್ಲಿ ನಿಲ್ಲುತ್ತದೆ. 1954ರಲ್ಲಿ ಮೈಲನ್ ಎಂಬ ಪುಟ್ಟ ಊರಿನ ಶಾಲೆಯಲ್ಲಿದ್ದದ್ದು 161 ಮಕ್ಕಳು. ದೊಡ್ಡ ಶಾಲೆ, ಚಿಕ್ಕ ಶಾಲೆ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಪ್ರಶಸ್ತಿಗೆ ಸೆಣಸುತ್ತಿದ್ದ ಕಾಲ. ಫೈನಲ್‌ನಲ್ಲಿ ಮನ್ಸಿ ಸೆಂಟ್ರಲ್ ವಿರುದ್ಧ ಬಾಬಿ ಪ್ಲಂಪ್ ಎಂಬ ಗಾರ್ಡ್ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು, ಕೊನೆಗೆ ಕಡೆಯ ಎಸೆತದಲ್ಲಿ 32–30ರಿಂದ ಗೆಲ್ಲಿಸಿದರು. ಅಷ್ಟು ಚಿಕ್ಕ ಊರು ತನ್ನ ಹತ್ತು ಹುಡುಗರನ್ನು ಹಾಗೆ ನೆಚ್ಚಿಕೊಂಡಿತ್ತು.

ಆ ಫೈನಲ್‌ಗೆ ಮುಂಚಿನ ಸುತ್ತೊಂದರಲ್ಲಿ ಮೈಲನ್ 65–52ರಿಂದ ಸೋಲಿಸಿದ್ದು ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಆಟಕ್ಸ್ ಶಾಲೆಯನ್ನು. ಆ ತಂಡದಲ್ಲಿದ್ದ ಹದಿನೈದರ ಹುಡುಗ ಆಸ್ಕರ್ ರಾಬರ್ಟ್‌ಸನ್. ಕಪ್ಪು ಮಕ್ಕಳನ್ನು ಪ್ರತ್ಯೇಕವಾಗಿಡಲೆಂದೇ ನಗರವು 1927ರಲ್ಲಿ ಆರಂಭಿಸಿದ ಶಾಲೆ ಅದು. 1940ರ ದಶಕದ ಆರಂಭದವರೆಗೂ ಕಪ್ಪು ಮಕ್ಕಳ ಶಾಲೆಗಳಿಗೆ ರಾಜ್ಯ ಪಂದ್ಯಾವಳಿಯ ಬಾಗಿಲೇ ಮುಚ್ಚಿತ್ತು. ಸ್ವಂತ ಕ್ರೀಡಾಂಗಣ ಎಷ್ಟು ಚಿಕ್ಕದಾಗಿತ್ತೆಂದರೆ ದೊಡ್ಡ ಪಂದ್ಯಗಳನ್ನೆಲ್ಲ ತಂಡ ಬೇರೆಡೆ ಆಡಬೇಕಿತ್ತು. ರಾಬರ್ಟ್‌ಸನ್ ಹುಟ್ಟಿದ್ದು 1938ರಲ್ಲಿ ಟೆನೆಸಿಯಲ್ಲಿ. ಚಿಕ್ಕಂದಿನಲ್ಲೇ ಮನೆಯವರು ಇಂಡಿಯಾನಾಪೊಲಿಸ್‌ಗೆ ಬಂದರು. ಚಿಂದಿ ಬಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿ ಚೆಂಡು ಮಾಡಿಕೊಂಡು, ಹಣ್ಣಿನ ಬುಟ್ಟಿಗೆ ಎಸೆದು ಕಲಿತ ಆಟ ಅವರದು.

1955ರ ಮಾರ್ಚ್‌ನಲ್ಲಿ ರೇ ಕ್ರೋ ತರಬೇತಿಯ ಆಟಕ್ಸ್ ತಂಡ ರಾಜ್ಯ ಪ್ರಶಸ್ತಿ ಗೆದ್ದಿತು. ಇಂಡಿಯಾನಾಪೊಲಿಸ್‌ನ ಶಾಲೆಯೊಂದು ಅದನ್ನು ಗೆದ್ದದ್ದು ಅದೇ ಮೊದಲು. ವಿಜೇತರನ್ನು ಅಗ್ನಿಶಾಮಕ ವಾಹನದ ಮೇಲೆ ಕೂರಿಸಿ ನಗರದ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಕರೆತಂದು ಸಂಭ್ರಮಿಸುವುದು ಪದ್ಧತಿ. ಆಟಕ್ಸ್ ಹುಡುಗರನ್ನು ಮಾತ್ರ ಸರ್ಕಲ್ ಸುತ್ತಿಸಿ, ಅಲ್ಲಿ ನಿಲ್ಲಲು ಬಿಡದೆ, ಕಪ್ಪು ಜನರ ವಠಾರದ ಉದ್ಯಾನಕ್ಕೆ ಕಳಿಸಿಬಿಟ್ಟರು. ಮರುವರ್ಷ ಅದೇ ತಂಡ ಒಂದೂ ಪಂದ್ಯ ಸೋಲದೆ ಮತ್ತೆ ಗೆದ್ದಿತು. ರಾಬರ್ಟ್‌ಸನ್ ಸಿನ್ಸಿನಾಟಿಗೆ ಹೋದರು, ಕಾಲೇಜಿನಲ್ಲಿ ಪಂದ್ಯಕ್ಕೆ ಸರಾಸರಿ 33.8 ಅಂಕ ಗಳಿಸಿದರು, ಮೂರು ವರ್ಷವೂ ದೇಶದ ಮೊದಲ ಅಂಕಗಾರರಾದರು.

ಈಗ ಇಂಡಿಯಾನಾದ ಗಾರ್ಡ್‌ಗಳ ಯಾವ ಪಟ್ಟಿಯೂ ಅವರ ಹೆಸರಿಲ್ಲದೆ ಶುರುವಾಗುವುದಿಲ್ಲ. ಗೆದ್ದ ಮೇಲೆ ನಮ್ಮವನು ಎನ್ನಲು ಯಾರಿಗೂ ಏನೂ ಖರ್ಚಾಗುವುದಿಲ್ಲ.

ಇದು ಒಬ್ಬರ ಕಥೆಯಾಗಿದ್ದರೆ ಮರೆಯಬಹುದಿತ್ತು. 1946ರಲ್ಲಿ ರಾಜ್ಯದ ಶ್ರೇಷ್ಠ ಶಾಲಾ ಆಟಗಾರನಿಗೆ ಸಲ್ಲುವ ಮಿಸ್ಟರ್ ಬ್ಯಾಸ್ಕೆಟ್‌ಬಾಲ್ ಬಿರುದು ಪಡೆದ ಜಾನಿ ವಿಲ್ಸನ್‌ಗೆ ಬಿಗ್ ಟೆನ್ ಕೂಟದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಜಾಗ ಸಿಗಲಿಲ್ಲ. ಕಪ್ಪು ಆಟಗಾರರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಆ ಕೂಟದಲ್ಲಿ ಬರೆಯದ ಒಪ್ಪಂದವಿತ್ತು. ವಿಲ್ಸನ್ ತಮ್ಮೂರಿನ ಚಿಕ್ಕ ಆಂಡರ್ಸನ್ ಕಾಲೇಜಿನಲ್ಲಿ ಆಡಿದರು. ಮರುವರ್ಷ ಅದೇ ಬಿರುದು ಪಡೆದ ಬಿಲ್ ಗ್ಯಾರೆಟ್ ಆ ಗೋಡೆಯನ್ನು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮುರಿದರು. ಇಬ್ಬರೂ ಗಾರ್ಡ್‌ಗಳಲ್ಲ, ಆದರೂ ಗಾರ್ಡ್‌ಗಳ ವಾದದಲ್ಲಿ ಅವರ ಹೆಸರು ಬರಲೇಬೇಕು.

ಕ್ಲಾರೆನ್ಸ್ ವಾಕರ್ ಮಾತ್ರ ಗಾರ್ಡ್, ಈಸ್ಟ್ ಷಿಕಾಗೋದವರು. ಊರಿನ ಹೆಸರು ಹಾಗಿದ್ದರೂ ಅದಿರುವುದು ಇಂಡಿಯಾನಾದಲ್ಲಿ. 1947ರಲ್ಲಿ ಅವರು ಇಂಡಿಯಾನಾ ಸ್ಟೇಟ್ ತಂಡದಲ್ಲಿದ್ದರು, ತರಬೇತುದಾರ ಅದೇ ಜಾನ್ ವುಡನ್. ಕ್ಯಾನ್ಸಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂತು, ಆದರೆ ಅಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ವಾಕರ್ ತಂಡದ ತಾರೆಯೇನಲ್ಲ, ಅವರನ್ನು ಮನೆಯಲ್ಲಿ ಬಿಟ್ಟು ಹೋಗಿದ್ದರೂ ಆಟಕ್ಕೆ ದೊಡ್ಡ ನಷ್ಟವಿರಲಿಲ್ಲ. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. 1948ರಲ್ಲಿ ನಿಷೇಧ ತೆರವಾಯಿತು, ವಾಕರ್ ಆಡಿದರು, ಆ ಪಂದ್ಯಾವಳಿಯ ಮೊದಲ ಕಪ್ಪು ಆಟಗಾರರಾದರು. ಹತ್ತು ರಾಷ್ಟ್ರೀಯ ಪ್ರಶಸ್ತಿಗಳ ಜೊತೆ ಈ ಒಂದು ನಿರಾಕರಣೆಯನ್ನಿಟ್ಟು ತೂಗಿದರೆ ಯಾವುದು ಹೆಚ್ಚೆಂದು ಹೇಳುವುದು ಸುಲಭವಲ್ಲ.

ಮುಂಚಿತವಾಗಿ ನಮ್ಮವನು ಎನ್ನುವುದರಲ್ಲೂ ಅಪಾಯವಿದೆ. ಹೆಲ್ಟನ್‌ವಿಲ್ ಎಂಬ ಹಳ್ಳಿಯ ಡೇಮನ್ ಬೇಲಿ ಎಂಟನೆಯ ತರಗತಿಯಲ್ಲಿದ್ದಾಗಲೇ ಇಂಡಿಯಾನಾ ವಿಶ್ವವಿದ್ಯಾಲಯದ ತರಬೇತುದಾರ ಬಾಬ್ ನೈಟ್ ಹೋಗಿ ನೋಡಿ ಬೆರಗಾಗಿದ್ದರು, ತಮ್ಮ ಗಾರ್ಡ್‌ಗಳಿಗಿಂತ ಈ ಹುಡುಗನೇ ಮೇಲು ಎಂದಿದ್ದರು. 1990ರ ಶಾಲಾ ಫೈನಲ್‌ನಲ್ಲಿ ಬೇಲಿಯ ಆಟ ನೋಡಲು 41,046 ಜನ ಸೇರಿದ್ದರು. ಅವರ ಶಾಲಾ ದಿನಗಳ ಒಟ್ಟು 3,134 ಅಂಕಗಳು ರಾಜ್ಯದ ದಾಖಲೆಯಾದವು. ಕಾಲೇಜಿನಲ್ಲಿ ನಾಲ್ಕು ವರ್ಷ ಚೆನ್ನಾಗಿಯೇ ಆಡಿದರು, ಆದರೆ ವೃತ್ತಿಪರರ ಲೀಗ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅದನ್ನೇ ಹಿಡಿದು ಬೇಲಿ ಸೋತರು ಎನ್ನುವವರಿದ್ದಾರೆ. ಅದು ಅನ್ಯಾಯ. ಊರಿನ ಪ್ರೀತಿ ಮುಂದಿನ ಗೆಲುವಿಗೆ ಕೊಟ್ಟ ಮುಂಗಡವಾದರೆ ಅದು ಪ್ರೀತಿಯೇ ಅಲ್ಲ; ಬೇಲಿ ಯಾರಿಗೂ ಏನನ್ನೂ ಬಾಕಿ ಉಳಿಸಿಲ್ಲ.

ಹೊರಗಿನಿಂದ ಬಂದವರ ಮಾತೂ ಇದೆ. 1987ರ ಕಾಲೇಜು ಫೈನಲ್‌ನಲ್ಲಿ ಆಲ್ಫರ್ಡ್ ಏಳು ಬಾರಿ ಮೂರು ಅಂಕದ ಗುರಿ ಮುಟ್ಟಿದರು, ಆದರೆ ಸಿರಾಕ್ಯೂಸ್ ವಿರುದ್ಧ 74–73ರ ಗೆಲುವಿನ ಎಸೆತ ಕೀತ್ ಸ್ಮಾರ್ಟ್ ಅವರದು. ಸ್ಮಾರ್ಟ್ ಲೂಸಿಯಾನಾದವರು, ಪಂದ್ಯ ನಡೆದದ್ದೂ ಲೂಸಿಯಾನಾದಲ್ಲೇ. 1981ರ ಪಟ್ಟ ತಂದುಕೊಟ್ಟ ಐಸಾಯಾ ಥಾಮಸ್ ಷಿಕಾಗೋ ಹುಡುಗ. ಇಬ್ಬರನ್ನೂ ಇಂಡಿಯಾನಾ ಇಂದಿಗೂ ಕೊಂಡಾಡುತ್ತದೆ. ನೆಲದ ಮಗನಾಗಲು ಆ ನೆಲದಲ್ಲೇ ಹುಟ್ಟಬೇಕಿಲ್ಲ ಎಂದು ಆ ಜನರೇ ಒಪ್ಪಿದಂತಾಯಿತು.

ಆಟಗಾರ ಯಾರ ಸ್ವತ್ತೂ ಅಲ್ಲ ಎಂಬುದನ್ನು ನ್ಯಾಯಾಲಯದ ದಾರಿಯಲ್ಲಿ ಸಾಧಿಸಿದವರೂ ರಾಬರ್ಟ್‌ಸನ್ನೇ. ಆಟಗಾರರ ಸಂಘದ ಅಧ್ಯಕ್ಷರಾಗಿ ಅವರು 1970ರಲ್ಲಿ ಎನ್‌ಬಿಎ ವಿರುದ್ಧ ಮೊಕದ್ದಮೆ ಹೂಡಿದರು. ಒಮ್ಮೆ ತಂಡವೊಂದಕ್ಕೆ ಸಹಿ ಹಾಕಿದವನು ಬಹುಮಟ್ಟಿಗೆ ಆ ತಂಡಕ್ಕೇ ಕಟ್ಟುಬೀಳುತ್ತಿದ್ದ ನಿಯಮವನ್ನು 1976ರ ಒಪ್ಪಂದ ಸಡಿಲಿಸಿತು. ಇವತ್ತು ತಂಡ ಬದಲಾಯಿಸುವ ಪ್ರತಿ ವೃತ್ತಿಪರ ಆಟಗಾರನೂ ಅವರಿಗೆ ಋಣಿ. 2021ರಿಂದ ಕಾಲೇಜು ಹುಡುಗರೂ ತಮ್ಮ ಹೆಸರಿನಿಂದ ಹಣ ಗಳಿಸಬಹುದು, ವರ್ಷವರ್ಷವೂ ಕಾಲೇಜು ಬದಲಿಸುವವರು ಹೆಚ್ಚಿದ್ದಾರೆ. ಇಂಥ ಕಾಲದಲ್ಲೂ ವೆಸ್ಟ್‌ಫೀಲ್ಡ್‌ನ ಬ್ರೇಡನ್ ಸ್ಮಿತ್, ದೊಡ್ಡ ಕಾಲೇಜುಗಳು ಹೆಚ್ಚು ಗಮನಿಸದ ಆರಡಿಯ ಹುಡುಗ, ತನ್ನನ್ನು ನಂಬಿದ ಪರ್ಡ್ಯೂನಲ್ಲೇ ಉಳಿದರು. 2024ರಲ್ಲಿ ತಂಡ ರಾಷ್ಟ್ರೀಯ ಫೈನಲ್ ತಲುಪಿತು, 2025ರಲ್ಲಿ ದೇಶದ ಶ್ರೇಷ್ಠ ಪಾಯಿಂಟ್ ಗಾರ್ಡ್‌ಗೆ ಕೊಡುವ ಬಾಬ್ ಕೂಸಿ ಪ್ರಶಸ್ತಿ ಅವರದಾಯಿತು. ಬೇರೆಡೆ ಹೋಗುವ ಹಕ್ಕಿದ್ದೂ ಉಳಿದವನ ಬಗ್ಗೆ ಊರು ಪಡುವ ಹೆಮ್ಮೆ ಕಟ್ಟುಬಿದ್ದವನ ಬಗ್ಗೆ ಪಡುವ ಹೆಮ್ಮೆಗಿಂತ ಶುದ್ಧವಾದದ್ದು.

ಗಾರ್ಡ್‌ಗಳ ವಾದದಲ್ಲಿ ಇಂಡಿಯಾನಾಕ್ಕೆ ಮೊದಲ ಸ್ಥಾನ ಕೊಡಲು ಅಡ್ಡಿಯಿಲ್ಲ. ಪ್ಲಂಪ್, ಆಲ್ಫರ್ಡ್, ಬೇಲಿ, ಸ್ಮಿತ್ ಇವರ ಮೇಲೆ ಆ ನೆಲಕ್ಕೆ ನ್ಯಾಯವಾದ ಪಾಲಿದೆ; ಅವರು ಏನೂ ಆಗಿರದಿದ್ದಾಗಲೇ ಅದು ಅವರಿಗೆ ಬಾಗಿಲು ತೆರೆದಿತ್ತು. ರಾಬರ್ಟ್‌ಸನ್ ವಿಷಯ ಬೇರೆ. ಅವರ ಮೇಲೆ ಪಾಲು ಕೇಳಬಲ್ಲವರು ಅವರು ಚಿಂದಿ ಚೆಂಡಿನಲ್ಲಿ ಆಡಿ ಬೆಳೆದ ನೆರೆಹೊರೆ, ರೇ ಕ್ರೋ ಮತ್ತು ಆಟಕ್ಸ್ ಶಾಲೆ. ರಾಜ್ಯ ಅವರ ಹೆಸರನ್ನು ಪಟ್ಟಿಯ ತುದಿಯಲ್ಲಿ ಬರೆಯಲಿ, ಆದರೆ 1955ರ ಆ ರಾತ್ರಿ ವಾಹನ ಸರ್ಕಲ್‌ನಲ್ಲಿ ನಿಲ್ಲದೆ ಮುಂದೆ ಹೋದದ್ದನ್ನೂ ಅದೇ ಸಾಲಿನಲ್ಲಿ ಬರೆಯಬೇಕು.