ವೈಯಾವೃತ್ತ್ಯವೂ ವಾರ್ಡಿನ ಬದಲಾವಣೆಯೂ



ಶುಶ್ರೂಷಕಿಯಾದ ಶ್ರಾವಿಕೆಯೊಬ್ಬಳನ್ನು ಭಾವಿಸಿಕೊಳ್ಳಿರಿ. ಆಕೆ ಸಿಂಧನೂರಿನವಳಾಗಲಿ, ಲಿಂಗಸುಗೂರು ಅಥವಾ ಮಸ್ಕಿಯವಳಾಗಲಿ, ಹಲವು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ಕೂಸುಗಳ ಮೊದಲ ಅಳುವನ್ನು ಕೇಳಿ ಸಂತೋಷಪಟ್ಟವಳು. ಒಂದು ದಿನ ಮೇಲಿನವರು ಆಕೆಯನ್ನು ಕೇಳದೆಯೇ, ಪಾರ್ಶ್ವವಾಯು ಬಡಿದವರೂ ವಯೋವೃದ್ಧರೂ ತಿಂಗಳುಗಟ್ಟಲೆ ಮಲಗಿರುವ ವಾರ್ಡಿಗೆ ಹಾಕುತ್ತಾರೆ. ಅಲ್ಲಿ ಗುಣಹೊಂದಿ ಮನೆಗೆ ತೆರಳುವವರು ವಿರಳ. ಮನೆಯ ಹಿರಿಯರು, "ಮಲಮೂತ್ರ ಬಳಿಯುವ ಕೆಲಸ, ಅಷ್ಟಮಿ ಚತುರ್ದಶಿಗಳ ವ್ರತಕ್ಕೆ ಬಾಧಕ, ನೌಕರಿ ಬಿಟ್ಟುಬಿಡು ತಾಯಿ" ಎನ್ನುತ್ತಾರೆ. ಆಕೆಗೆ ನಾವು ಏನೆಂದು ಹೇಳಬೇಕು?

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ತಪಸ್ಸನ್ನು ಬಾಹ್ಯ ಆರು, ಅಭ್ಯಂತರ ಆರು ಎಂದು ವಿಂಗಡಿಸಿದ್ದಾರೆ. ಉಪವಾಸ, ಅಂದರೆ ಅನಶನವು, ಬಾಹ್ಯತಪ, ವೈಯಾವೃತ್ತ್ಯವು ಅಭ್ಯಂತರತಪ. ಸೇವೆಗೆ ಪಾತ್ರರಾದ ಹತ್ತು ವಿಧದವರಲ್ಲಿ 'ಗ್ಲಾನ', ಎಂದರೆ ರೋಗದಿಂದ ಬಳಲಿದವನೂ ಒಬ್ಬ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸದ ಬೆನ್ನಿಗೇ ವೈಯಾವೃತ್ತ್ಯವನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ಇಟ್ಟಿದ್ದಾರೆ. ಇವು ಮುಖ್ಯವಾಗಿ ಸಂಯಮಿಗಳ ಸೇವೆಯನ್ನು ಕುರಿತವು, ನಿಜ. ಆದರೆ ಬಳಲಿದ ದೇಹದ ಮುಂದೆ ಮನಸ್ಸು ಕಲಿಯಬೇಕಾದ ಪಾಠವು ಎಲ್ಲಿಯೂ ಒಂದೇ.

ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಭಗವತೀ ಆರಾಧನೆಯನ್ನು ನೋಡಿರಿ. ಸಲ್ಲೇಖನವನ್ನು ಕೈಕೊಂಡ ಕ್ಷಪಕನ ಬಳಿಯಲ್ಲಿ 48 ಮಂದಿ ನಿರ್ಯಾಪಕ ಮುನಿಗಳಿರಬೇಕೆಂದು ಹೇಳಿ, ನಾಲ್ವರು ನಾಲ್ವರಂತೆ ಅವರಿಗೆ ಕೆಲಸಗಳನ್ನು ಹಂಚಲಾಗಿದೆ. ನಾಲ್ವರು ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸುವವರು. ನಾಲ್ವರು ಧರ್ಮಕಥೆ ಹೇಳುವವರು. ನಾಲ್ವರು ರಾತ್ರಿ ಎಚ್ಚರವಿರುವವರು. ನಾಲ್ವರು ಮಲಮೂತ್ರಗಳನ್ನು ತೆಗೆದು ಶುಚಿಗೊಳಿಸುವವರು. ಧರ್ಮಕಥೆ ಹೇಳುವವನೂ ನಿರ್ಯಾಪಕನೇ, ಮಲವನ್ನು ತೆಗೆಯುವವನೂ ನಿರ್ಯಾಪಕನೇ. ಇಂದಿಗೂ ಅಲುಗಾಡಲಾರದ ರೋಗಿಯ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸುತ್ತಾರೆ. ಇಲ್ಲವಾದರೆ ಒತ್ತಡದಿಂದ ರಕ್ತಸಂಚಾರ ಕುಂದಿ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹುಣ್ಣಾಗದಂತೆ ಕಾಯ್ದ ಕೈಯನ್ನು ಯಾರೂ ಹೊಗಳುವುದಿಲ್ಲ. ಏಕೆಂದರೆ ಆ ಕೆಲಸವು ಕಣ್ಣಿಗೆ ಕಾಣದು.

ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನು ದೃಷ್ಟಾಂತ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡು ವಾಂತಿಮಾಡಿದಾಗ ಪರಿಜನರು ಓಡಿಹೋದರು. ಅರಸನು ಮಾತ್ರ ಹೇಸದೆ ತೊಳೆದನು. ಅರಮನೆಯವನಿಗೆ ಆಗದ ಮೈಲಿಗೆ ನಮ್ಮ ಮಗಳಿಗೆ ಎಲ್ಲಿಂದ ಬಂದಿತು? ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆಯ ಶಾಸನವೂ, ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಸಲ್ಲುವುದಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಸಾಧ್ಯ ಎಂಬ ಅರ್ಥವನ್ನೇ ಸಾರುತ್ತದೆ.

ಹಾಗೆಂದು ಅನ್ಯಾಯವನ್ನು ಬಾಯಿ ಮುಚ್ಚಿ ಸಹಿಸಬೇಕೆಂದಲ್ಲ. ಆಕೆ ಮೊದಲು ತನ್ನನ್ನೇ ಕೇಳಿಕೊಳ್ಳಲಿ: ನನ್ನನ್ನು ತಡೆಯುತ್ತಿರುವುದು ಜುಗುಪ್ಸೆಯೋ, ಮಾನಕಷಾಯವೋ, ಅಥವಾ ನಿಜವಾದ ಅಶಕ್ತಿಯೋ? ಮೊದಲಿನ ಎರಡಾದರೆ ಗೆಲ್ಲತಕ್ಕವು. ಮೂರನೆಯದಾದರೆ, ಅಂದರೆ ಒಬ್ಬಳ ಕೈಗೆ ಮಿತಿಮೀರಿದ ರೋಗಿಗಳಿದ್ದರೆ, ಆ ಕೆಲಸದ ತರಬೇತಿ ಇಲ್ಲದಿದ್ದರೆ, ನಡು ತಾಳದಿದ್ದರೆ, ವಿನಯದಿಂದ, ಆದರೆ ಸ್ಪಷ್ಟವಾಗಿ, ಅರ್ಜಿ ಬರೆದುಕೊಡಲಿ. ಅದು ಹಟವಲ್ಲ, ರೋಗಿಯ ವಿಷಯದಲ್ಲಿ ಪಾಲಿಸುವ ಅಹಿಂಸೆ. ಸಂಬಳ ಪಡೆಯುವುದರಿಂದ ಸೇವೆ ಕೆಡುವುದಿಲ್ಲ. ಸಂಬಳವು ಹೊತ್ತಿಗೆ ಸಂದದ್ದು, ಭಾವವು ಆಕೆಯದೇ.

ಇನ್ನು ವ್ರತದ ಮಾತು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗನುಸಾರವಾಗಿ ಮಾಡಬೇಕೆಂದೇ ಹೇಳಿದೆ. ವೈಯಾವೃತ್ತ್ಯವೂ ಅವುಗಳಲ್ಲಿ ಒಂದು. ನಿರಾಹಾರದಿಂದ ಕೈ ನಡುಗಿ ಔಷಧದ ಪ್ರಮಾಣ ತಪ್ಪಿದರೆ ಆ ಉಪವಾಸದಿಂದ ಯಾರಿಗೆ ಹಿತ? ಕರ್ತವ್ಯದ ಪರ್ವದಿನದಲ್ಲಿ ಏಕಾಶನವೇ ಸಾಕೆನಿಸಬಹುದು. ನಿಯಮವನ್ನು ಮೊದಲೇ ಸ್ವೀಕರಿಸಿದವರು ಗುರುಗಳನ್ನು ಕೇಳಿ ನಡೆಯಲಿ. ರಾತ್ರಿಪಾಳಿಗೆ ಹೊರಡುವವಳಿಗೆ ಸೂರ್ಯಾಸ್ತಕ್ಕೆ ಮುನ್ನ ಬಿಸಿ ಊಟ ಬಡಿಸುವುದು ಮನೆಯವರ ವ್ರತವಾಗಲಿ. ಅಕ್ಕಿ ಆರಿಸುವ ಅತ್ತೆಯೂ ನೀರು ಸೋಸುವ ಮೈದುನನೂ ಆಗ ಆ ವೈಯಾವೃತ್ತ್ಯದಲ್ಲಿ ಪಾಲುಗಾರರು.

ಬೆಳಿಗ್ಗೆ ಪಾಳಿ ಮುಗಿಸಿ, ಸ್ನಾನಮಾಡಿ ಆಕೆ ಬಸದಿಯ ಬಾಗಿಲಿಗೆ ಬಂದಾಗ ಯಾರೂ ಹಿಂದೆ ಸರಿಯದಿರಲಿ. ನಾವು ನಿದ್ರಿಸುತ್ತಿದ್ದ ಹೊತ್ತಿನಲ್ಲಿ ಅಭ್ಯಂತರ ತಪಸ್ಸನ್ನು ಆಚರಿಸಿ ಬಂದವಳು ಆಕೆ.