ಕೌಶಲದ ಆಟವೂ ದ್ಯೂತತ್ಯಾಗವೂ

ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲು ಹೇಳುವುದು ಶ್ರಾವಕಾಚಾರಗಳ ಪದ್ಧತಿ. ಮಾಂಸ, ಮದ್ಯ, ಬೇಟೆ, ಕಳವು ಮೊದಲಾದುವು ಅದರ ಬಳಿಕ ಬರುತ್ತವೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅನರ್ಥದಂಡವನ್ನು ವಿವರಿಸುವ ಸಂದರ್ಭದಲ್ಲಿ ದ್ಯೂತವನ್ನು ಎಲ್ಲ ಅನರ್ಥಗಳಿಗೂ ಮೊದಲನೆಯದೆಂದು ಕರೆದಿದ್ದಾರೆ. ಅದು ಶೌಚವನ್ನು, ಅಂದರೆ ನಿರ್ಲೋಭತೆಯನ್ನು, ಕೆಡಿಸುವಂಥದು, ಮಾಯೆಗೆ ಮನೆ, ಕಳವು ಸುಳ್ಳುಗಳಿಗೆ ನೆಲೆ, ಆದುದರಿಂದ ದೂರದಿಂದಲೇ ಪರಿಹರಿಸತಕ್ಕದ್ದು ಎಂಬುದು ಅವರ ಅಭಿಪ್ರಾಯ. ಜೈನ ಮನೆಗಳ ಮಕ್ಕಳು ಈ ಏಳರ ಹೆಸರನ್ನು ಪಾಠಶಾಲೆಯಲ್ಲಿಯೇ ಬಾಯಿಪಾಠ ಮಾಡುತ್ತಾರೆ. ಆದರೆ ಹೆಸರನ್ನು ಬಲ್ಲವನು ವಸ್ತುವನ್ನು ಗುರುತಿಸಬಲ್ಲನೇ? ದ್ಯೂತವು ಪಗಡೆಯ ಹಾಸು, ದಾಳಗಳೊಡನೆ ಬಂದರೆ ಯಾರಾದರೂ ಗುರುತಿಸುತ್ತಾರೆ. ಅದು ಅಂಗೈಯಲ್ಲಿನ ಫೋನಿನೊಳಗೆ, ‘ಬುದ್ಧಿಯ ಆಟ’ವೆಂಬ ಹೆಸರಿನಿಂದ ಬಂದಾಗ ಪ್ರಶ್ನೆ ಕಠಿಣವಾಗುತ್ತದೆ.

ಉದಾಹರಣೆಗೆ ‘ಕಾಲ್ ಬ್ರೇಕ್’ ಎಂಬ ಇಸ್ಪೀಟಿನ ಆಟವನ್ನು ತೆಗೆದುಕೊಳ್ಳಬಹುದು. ನಾಲ್ವರು ಆಡುವ ಆಟವಿದು. 52 ಎಲೆಗಳನ್ನು ಹಂಚಿದಾಗ ತಲೆಗೆ 13 ಎಲೆ ಬರುತ್ತವೆ. ಕೈಯಲ್ಲಿರುವ ಎಲೆಗಳನ್ನು ನೋಡಿ ಪ್ರತಿಯೊಬ್ಬನೂ ತಾನು ಎಷ್ಟು ಸುತ್ತು ಗೆಲ್ಲುವೆನೆಂದು ಮೊದಲೇ ನುಡಿಯಬೇಕು. ಬಳಿಕ ಒಬ್ಬೊಬ್ಬರು ಒಂದೊಂದು ಎಲೆ ಇಳಿಸುತ್ತಾರೆ; ಮೊದಲು ಇಳಿಸಿದ ಜಾತಿಯ ಹಿರಿಯ ಎಲೆ ಆ ಸುತ್ತನ್ನು ಗೆಲ್ಲುತ್ತದೆ; ಇಸ್ಪೀಟು ಜಾತಿ ಯಾವಾಗಲೂ ತುರುಪು. ನುಡಿದಷ್ಟು ಗೆದ್ದವನಿಗೆ ಅಷ್ಟು ಅಂಕ. ಕಡಿಮೆ ಬಿದ್ದರೆ ನುಡಿದಷ್ಟೂ ಅಂಕ ಕಳೆಯುತ್ತವೆ. ಸಾಮಾನ್ಯವಾಗಿ ಹೀಗೆ ಐದು ಹಂಚಿಕೆಗಳಿಗೆ ಒಂದು ಆಟ ಮುಗಿಯುತ್ತದೆ. ಇದನ್ನು ಕಲಿಯಲು ಶ್ರಮ ಬೇಕು. ಬಿದ್ದುಹೋದ ಎಲೆಗಳನ್ನು ನೆನಪಿಡಬೇಕು, ಉಳಿದ ತುರುಪುಗಳನ್ನು ಎಣಿಸಬೇಕು, ಎದುರಾಳಿಯ ಕೈಯನ್ನು ಊಹಿಸಬೇಕು. 2025ರ ಆಗಸ್ಟ್‌ವರೆಗೆ ಕೆಲವು ಕಂಪನಿಗಳು ಈ ಆಟವನ್ನು ಫೋನಿನಲ್ಲಿ ಹಣದ ಪಣವಿಟ್ಟು ಬಹಿರಂಗವಾಗಿಯೇ ಆಡಿಸುತ್ತಿದ್ದುವು.

ಇಲ್ಲಿ ಒಬ್ಬ ತರುಣ ಶ್ರಾವಕನಿಗೆ ಶಂಕೆ ಏಳುವುದು ಸಹಜ. ದ್ಯೂತವೆಂದರೆ ಅದೃಷ್ಟವನ್ನು ನಂಬಿ ಹಣವಿಡುವುದು. ಇಲ್ಲಿ ಗೆಲ್ಲುವುದು ಅಭ್ಯಾಸ, ಜ್ಞಾಪಕಶಕ್ತಿ. ಹಾಗಿದ್ದಮೇಲೆ ಇದರಲ್ಲಿ ಬಂದ ಹಣ ಬುದ್ಧಿಯ ಸಂಪಾದನೆಯಲ್ಲವೇ? ದ್ಯೂತತ್ಯಾಗದ ನಿಯಮಕ್ಕೆ ಇದರಿಂದ ಭಂಗವೆಲ್ಲಿ?

ಈ ಶಂಕೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ದೇಶದ ಸರ್ವೋಚ್ಚ ನ್ಯಾಯಾಲಯವೇ 1957ರಲ್ಲಿ, ಕೌಶಲವು ಗಣನೀಯವಾಗಿ ಫಲವನ್ನು ನಿರ್ಣಯಿಸುವ ಸ್ಪರ್ಧೆಗಳು ಜೂಜಲ್ಲವೆಂದು ವಿಂಗಡಿಸಿತು. 1968ರಲ್ಲಿ ಅದೇ ನ್ಯಾಯಾಲಯ ರಮ್ಮಿ ಆಟವು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿತು. ಫೋನಿನಲ್ಲಿ ಇಸ್ಪೀಟು ಆಡಿಸಿದವರು ಈ ತರ್ಕವನ್ನೇ ಆಶ್ರಯಿಸಿದರು. ಆದರೆ 1968ರ ಆ ತೀರ್ಪಿನಲ್ಲಿಯೇ ಇನ್ನೊಂದು ಮಾತೂ ಇದೆ: ಪಣವಿಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯನು ಲಾಭ ಪಡೆಯುತ್ತಿದ್ದರೆ ಅಪರಾಧವು ಸಿದ್ಧವಾಗಬಹುದು ಎಂಬುದು. ಮೊದಲ ಮಾತು ಜಾಹೀರಾತುಗಳಲ್ಲಿ ಮೆರೆಯಿತು; ಎರಡನೆಯದು ಅಲ್ಲಿ ಕಾಣಿಸಲಿಲ್ಲ.

ಅದಿರಲಿ. ಕಾನೂನು ಕೇಳುವ ಪ್ರಶ್ನೆ ಬೇರೆ, ವ್ರತ ಕೇಳುವ ಪ್ರಶ್ನೆ ಬೇರೆ. ಫಲವನ್ನು ನಿರ್ಣಯಿಸಿದ್ದು ಕೈಚಳಕವೋ ಆಕಸ್ಮಿಕವೋ ಎಂದು ಕಾನೂನು ಕೇಳುತ್ತದೆ. ಈ ಹಣ ಎಲ್ಲಿಂದ ಬಂತು, ಅದು ಬರುವಾಗ ಆತ್ಮದ ಪರಿಣಾಮ ಹೇಗಿತ್ತು ಎಂದು ವ್ರತ ಕೇಳುತ್ತದೆ. ಈ ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಬೇಕು.

ಮೊದಲನೆಯದು ಹಣದ ಮೂಲ. ನಾಲ್ವರು ತಲೆಗೆ ಹತ್ತು ರೂಪಾಯಿಯಂತೆ ಪಣವಿಟ್ಟರು ಎಂದಿಟ್ಟುಕೊಳ್ಳಬಹುದು. ಒಟ್ಟು 40 ರೂಪಾಯಿ. ಆಡಿಸುವವನು ತನ್ನ ಪಾಲಾಗಿ 6 ರೂಪಾಯಿ ಹಿಡಿದು ಗೆದ್ದವನಿಗೆ 34 ರೂಪಾಯಿ ಕೊಟ್ಟರೆ, ಸಮಾನ ಕೌಶಲದ ನಾಲ್ವರು ನೂರು ಆಟಗಳಲ್ಲಿ ತಲಾ 25 ಆಟ ಗೆಲ್ಲುತ್ತಾರೆ. ಪ್ರತಿಯೊಬ್ಬನೂ ಇಟ್ಟದ್ದು 1000, ಪಡೆದದ್ದು 850. ನಾಲ್ವರೂ 150 ರೂಪಾಯಿ ಕಳೆದುಕೊಂಡರು. ಗೆದ್ದವನು ಆಟವನ್ನೇ ಆಡದವನು. ಈ ನಷ್ಟದಿಂದ ಪಾರಾಗಲು ಒಂದೇ ದಾರಿ: ತನಗಿಂತ ಕಡಿಮೆ ಬಲ್ಲವರ ಎದುರಿಗೆ ಕುಳಿತುಕೊಳ್ಳುವುದು. ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿಯೋ ದಿನಗೂಲಿಯ ಕಾರ್ಮಿಕನೋ ಎದುರಿಗಿದ್ದರೆ ಗೆಲವು ಸುಲಭ. ಆದುದರಿಂದ ಕೌಶಲವು ಹೆಚ್ಚಿದಂತೆ ಹಣ ಶುದ್ಧವಾಗುತ್ತದೆಂಬುದು ಭ್ರಮೆ. ಅದೃಷ್ಟದ ಆಟದಲ್ಲಿ ಎದುರಾಳಿಯ ಅಜ್ಞಾನದಿಂದ ಪ್ರಯೋಜನವಿಲ್ಲ. ಕೌಶಲದ ಪಣದಲ್ಲಿ ಆ ಅಜ್ಞಾನವೇ ಆದಾಯದ ಮೂಲ.

ಅವನು ಒಪ್ಪಿಯೇ ಹಣವಿಟ್ಟನಲ್ಲ, ಅದು ಅದತ್ತಾದಾನ ಹೇಗಾದೀತು ಎಂದು ಕೇಳಬಹುದು. ಕಳವಿನ ಲಕ್ಷಣವನ್ನು ಅಕ್ಷರಶಃ ಹಚ್ಚಿದರೆ ಇದು ಕಳವಲ್ಲ, ನಿಜ. ಆದರೆ ಅವನು ಒಪ್ಪಿದ್ದು ಕೊಡುವುದಕ್ಕಲ್ಲ, ತೆಗೆದುಕೊಳ್ಳುವುದಕ್ಕೆ. ನಾಲ್ವರೂ ಮೇಜಿಗೆ ಬಂದದ್ದು ಉಳಿದ ಮೂವರ ಹಣದ ಮೇಲೆ ಕಣ್ಣಿಟ್ಟು. ಅಮೃತಚಂದ್ರರು ದ್ಯೂತವನ್ನು ಕಳವಿನ ನೆಲೆ ಎಂದ ಮಾತಿನ ಅರ್ಥ ಇಲ್ಲಿ ಬೆಳಗುತ್ತದೆ. ವ್ಯಾಪಾರದಲ್ಲಿಯೂ ಒಬ್ಬನ ಜೇಬಿನ ಹಣ ಇನ್ನೊಬ್ಬನ ಪೆಟ್ಟಿಗೆಗೆ ಹೋಗುತ್ತದೆಯಲ್ಲ ಎಂದರೆ, ಅಲ್ಲಿ ಹಣ ಕೊಟ್ಟವನು ಅಕ್ಕಿಯನ್ನೋ ಬಟ್ಟೆಯನ್ನೋ ಮನೆಗೆ ಒಯ್ಯುತ್ತಾನೆ. ಬೆಳೆ ಕೆಡುವ, ಸರಕು ಮುಳುಗುವ ಅಪಾಯ ವ್ಯಾಪಾರಿಗೆ ಬೇಡವೆಂದರೂ ಬರುವಂಥದು. ಪಣದ ಆಟದಲ್ಲಿ ಆ ಅಪಾಯವನ್ನು ಬೇಕೆಂದೇ ಹುಟ್ಟಿಸಲಾಗುತ್ತದೆ. ಸೋತವನು ಬರಿಗೈಯಲ್ಲಿ ಏಳುತ್ತಾನೆ. ಪ್ರಯೋಜನವಿಲ್ಲದ ಪಾಪಕ್ರಿಯೆಯೇ ಅನರ್ಥದಂಡವಾದುದರಿಂದ ಆಚಾರ್ಯರು ದ್ಯೂತವನ್ನು ಆ ಪ್ರಕರಣದಲ್ಲಿ ಇಟ್ಟದ್ದು ಯುಕ್ತವೇ ಆಗಿದೆ.

ಎರಡನೆಯದು ಆತ್ಮದ ಪರಿಣಾಮ. ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ದ್ಯೂತತ್ಯಾಗದ ಅತಿಚಾರವನ್ನು ಹೇಳುವಾಗ, ಮನೋವಿನೋದಕ್ಕಾಗಿ ಕಟ್ಟಿದ ಪಂದ್ಯವೂ ದೋಷವೇ ಎಂದಿದ್ದಾರೆ. ಅದಕ್ಕೆ ಅವರು ಕೊಡುವ ಕಾರಣವು ಹಣದ ಮೊತ್ತವಲ್ಲ, ಅದೃಷ್ಟವೂ ಅಲ್ಲ. ಅದು ಹರ್ಷಕ್ಕೂ ಅಮರ್ಷಕ್ಕೂ ಹುಟ್ಟುನೆಲೆ, ಕಷಾಯವೇ ಪಾಪಕ್ಕೆ ಕಾರಣ ಎಂಬುದು ಅವರ ಕಾರಣ. ಕೌಶಲ ಈ ಹರ್ಷಾಮರ್ಷಗಳನ್ನು ಕುಗ್ಗಿಸುವುದಿಲ್ಲ, ಬೆಳೆಸುತ್ತದೆ. ಅದೃಷ್ಟದಿಂದ ಸೋತವನು ವಿಧಿಯೆಂದು ಸುಮ್ಮನಾಗಬಹುದು. ಬುದ್ಧಿಯಿಂದ ಆಡಿ ಸೋತವನಿಗೆ ತಾನು ಸೋಲಬಾರದಿತ್ತೆಂಬ ಮಾನಕಷಾಯ. ಇನ್ನೊಂದು ಆಟದಲ್ಲಿ ಸರಿಪಡಿಸುವೆನೆಂಬ ಲೋಭ. ಕಳೆದುಹೋದ ಹಣವನ್ನೇ ನೆನೆದು ಕೊರಗುವುದು ಇಷ್ಟವಿಯೋಗದ ಆರ್ತಧ್ಯಾನ. ಮನೆಯವರಿಂದ ಫೋನನ್ನು ಮರೆಮಾಡುವುದು ಮಾಯೆ, ಹಣವೆಲ್ಲಿ ಎಂದು ಕೇಳಿದಾಗ ಹೇಳುವ ನೆಪವು ಅಸತ್ಯ. ಆಚಾರ್ಯರು ಹೇಳಿದ ಮನೆ ಹೀಗೆ ಕೋಣೆಕೋಣೆಯಾಗಿ ತೆರೆದುಕೊಳ್ಳುತ್ತದೆ.

ದ್ಯೂತದಿಂದ ಕೆಟ್ಟವರಿಗೆ ಉದಾಹರಣೆಯಾಗಿ ನಮ್ಮ ಗ್ರಂಥಗಳು ಹೇಳುವುದು ಯಾವನೋ ದುಷ್ಟನನ್ನಲ್ಲ, ಯುಧಿಷ್ಠಿರನನ್ನು. ಸತ್ಯಕ್ಕೆ ಹೆಸರಾದವನೂ ಪಣದ ಮುಂದೆ ಕುಳಿತಾಗ ನಿಲ್ಲಲಾರದೆ ಹೋದನೆಂದರೆ, ತನಗೆ ಮಿತಿ ತಿಳಿದಿದೆ ಎನ್ನುವವನ ಮಾತಿಗೆ ಎಷ್ಟು ಬೆಲೆ?

ಹಾಗಾದರೆ ಹಣವಿಲ್ಲದೆ ಮನೆಯ ಮಕ್ಕಳು ಇಸ್ಪೀಟು ಆಡಿದರೆ ಅದೂ ದ್ಯೂತವೇ? ಹಾಗೆನ್ನುವುದು ಅತಿಯಾದೀತು. ಪಣವಿಲ್ಲದಿದ್ದಲ್ಲಿ ವ್ಯಸನದ ಮುಖ್ಯ ಲಕ್ಷಣವೇ ಇಲ್ಲ. ಆದರೂ ಹೊತ್ತು ಕಳೆಯುವ ಚಟವಾಗಿ ಬೆಳೆದರೆ ಅದು ಪ್ರಮಾದಚರ್ಯೆಯ ಕಡೆಗೆ ವಾಲುತ್ತದೆ ಎಂಬುದನ್ನು ಹಿರಿಯರು ತಿಳಿಹೇಳಬೇಕು. ಅಲ್ಲದೆ ಫೋನಿನ ಪಣದಾಟಗಳು ಕಲಿಕೆಯನ್ನು ಬಿಟ್ಟಿಯಾಗಿಯೇ ಆರಂಭಿಸಿ, ಕೈ ಪಳಗಿದ ಮೇಲೆ ಪಣದ ಮೇಜಿಗೆ ಕರೆಯುವುದುಂಟು. ಅಂಥಲ್ಲಿ ಕಲಿಕೆಯೇ ಹೆಬ್ಬಾಗಿಲು. ದೂರದಿಂದಲೇ ಪರಿಹರಿಸಬೇಕೆಂಬ ಮಾತಿನಲ್ಲಿ ‘ದೂರ’ ಎಂಬ ಶಬ್ದಕ್ಕೆ ಇಂದು ಇದೇ ಅರ್ಥ.

ಪರ್ವದಿನಗಳಲ್ಲಿ ಈ ವಿಚಾರ ಇನ್ನೂ ಗಂಭೀರವಾಗುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಕೈಗೊಂಡವನು ಹಸಿವನ್ನು ಮರೆಯಲು ಫೋನಿನ ಆಟಕ್ಕೆ ಕೈಹಾಕಿದರೆ ಅವನು ಬಿಟ್ಟದ್ದೇನು, ಹಿಡಿದದ್ದೇನು? ಕಷಾಯ, ವಿಷಯ, ಆಹಾರ ಮೂರನ್ನೂ ಬಿಡುವುದು ಉಪವಾಸ. ಅನ್ನವೊಂದನ್ನೇ ಬಿಟ್ಟರೆ ಅದು ಲಂಘನವೆಂದು ಬಲ್ಲವರು ಹೇಳುತ್ತಾರೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚವೆಂದು ಆರಾಧಿಸುವುದು ಲೋಭತ್ಯಾಗವನ್ನು. ಬೆಳಗ್ಗೆ ಶೌಚಧರ್ಮಕ್ಕೆ ಅರ್ಘ್ಯ ಎತ್ತಿದ ಕೈ ಸಂಜೆ ಪಣಕ್ಕೆ ಎಲೆ ಎತ್ತಿದರೆ ಆ ಪೂಜೆ ಯಾರಿಗೆ ಸಂದಿತು?

ಈಗ ಸರ್ಕಾರವೇ ನಿಷೇಧಿಸಿದೆಯಲ್ಲ, ಈ ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇಂಥ ಪಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರಲ್ಲಿ ಸಂಸತ್ತು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಆನ್‌ಲೈನ್ ಹಣದಾಟವನ್ನು ನಿಷೇಧಿಸುವ ಕಾಯಿದೆ ಮಾಡಿತು; ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಶಿಕ್ಷೆಯಿರುವುದು ಆಡಿಸುವವರಿಗೆ, ಪ್ರಚಾರ ಮಾಡುವವರಿಗೆ, ಆಡುವವನಿಗಲ್ಲ. ನಾಲ್ಕು ವರ್ಷಗಳಲ್ಲಿ ಕಾನೂನು ಮೂರು ರೂಪ ತಾಳಿತು. ಅದರ ಹಿಂದೆಯೇ ಸಾಗುವ ಶ್ರಾವಕನ ನಿಯಮವೂ ಮೂರು ರೂಪ ತಾಳಬೇಕಾದೀತು. ಅಲ್ಲದೆ ಸಿಕ್ಕದೆ ಬಿಟ್ಟದ್ದು ತ್ಯಾಗವಲ್ಲ. ವಿರತಿಯೇ ವ್ರತ, ಅದು ತಿಳಿದು, ಸಂಕಲ್ಪಿಸಿ, ತಾನಾಗಿ ಬಿಡುವುದು.

ಆದುದರಿಂದ ದ್ಯೂತತ್ಯಾಗದ ನಿಯಮವನ್ನು ಇಂದು ಕೈಗೊಳ್ಳುವವರು ಅದನ್ನು ಸ್ಪಷ್ಟ ಮಾತುಗಳಲ್ಲಿ ಕೈಗೊಳ್ಳುವುದು ಲೇಸು: ಕೌಶಲದ್ದಿರಲಿ ಅದೃಷ್ಟದ್ದಿರಲಿ, ಎದುರಿನಲ್ಲಿರಲಿ ಫೋನಿನಲ್ಲಿರಲಿ, ಪಣವಿಟ್ಟ ಯಾವ ಆಟವನ್ನೂ ಆಡುವುದಿಲ್ಲ, ಆಡಿಸುವುದಿಲ್ಲ, ಆಡುವುದನ್ನು ಅನುಮೋದಿಸುವುದಿಲ್ಲ ಎಂದು. ಜೀವನಪರ್ಯಂತ ಸಾಧ್ಯವಾಗದಿದ್ದರೆ ಒಂದು ವರ್ಷಕ್ಕಾದರೂ, ಒಂದು ಚಾತುರ್ಮಾಸಕ್ಕಾದರೂ ಹಿಡಿಯಬಹುದು. ಶಕ್ತಿಯನ್ನು ಅರಿತು ಮಾಡಿದ ತ್ಯಾಗವೂ ಷೋಡಶಕಾರಣ ಭಾವನೆಗಳಲ್ಲಿ ಒಂದು.

ಕೊನೆಯದಾಗಿ, ಈಗಾಗಲೇ ಈ ಆಟದಲ್ಲಿ ಸಿಕ್ಕಿ ಹಣ ಕಳೆದುಕೊಂಡವರು ಸಮಾಜದಲ್ಲಿ ಇಲ್ಲದಿಲ್ಲ. ಹೆಚ್ಚಿನವರು ಅದನ್ನು ತಂದೆಗೂ ಹೆಂಡತಿಗೂ ಹೇಳಲಾರದೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿ ಒಳಗೇ ಬೇಯುತ್ತಾರೆ. ಮಗನು ಬಾಯಿಬಿಟ್ಟು ಹೇಳಿದ ದಿನ ಮನೆಯವರು ಬೈದು ಅಟ್ಟಿದರೆ ಅವನು ಮರಳಿ ಹೋಗುವುದು ಆ ಮೇಜಿಗೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಸ್ಥಿತಿಕರಣವೂ ಸೇರಿವೆ. ಜಾರಿದವನ ದೋಷವನ್ನು ಬೀದಿಗೆ ಹರಡದೆ, ಅವನನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು ಶ್ರಾವಕರ ಕರ್ತವ್ಯ. ವಾರಿಷೇಣ ಮುನಿಗಳು ಚಂಚಲಚಿತ್ತನಾದ ಪುಷ್ಪಡಾಲನನ್ನು ಕೈಬಿಡದೆ ಮತ್ತೆ ಧರ್ಮದಲ್ಲಿ ನಿಲ್ಲಿಸಿದ ಕಥೆಯನ್ನು ಮನೆಮನೆಯಲ್ಲಿ ಹೇಳುತ್ತಾರೆ. ಮಗನು ತಪ್ಪೊಪ್ಪಿಕೊಂಡ ಮನೆಯಲ್ಲಿ ಆ ಕಥೆಗೆ ಬೆಲೆ ಬರಬೇಕು. ಸಾಲದ ಲೆಕ್ಕವನ್ನು ಎಲ್ಲರೂ ಕುಳಿತು ಬರೆದು, ತೀರಿಸುವ ದಾರಿಯನ್ನು ಗೊತ್ತುಮಾಡಿ, ಅದೇ ದಿನ ಜಿನಬಿಂಬದ ಮುಂದೆ ಅವನಿಗೆ ನಿಯಮ ಕೊಡಿಸಬೇಕು. ಅವನೊಡನೆ ತಂದೆಯೂ ಅಣ್ಣನೂ ಆ ನಿಯಮವನ್ನು ಹಿಡಿದರೆ ಅವನು ಒಬ್ಬನೇ ನಿಲ್ಲಬೇಕಾಗುವುದಿಲ್ಲ.