ಎದೆಯ ಮೇಲೆ ಯಾರ ಅಕ್ಷರ?

ಲಂಡನ್ನಿನ ಟವರ್ ಕೋಟೆಯ ಕಾವಲುಗಾರರ ಎದೆ ಮೇಲೆ ಈಗ ಮೂರು ಗುರುತುಗಳಿವೆ: ಸಿ, ರೋಮನ್ ಮೂರು, ಆರ್. ಚಾರ್ಲ್ಸ್, ಮೂರನೆಯವನು, ರೆಕ್ಸ್. ರೆಕ್ಸ್ ಅಂದರೆ ಲ್ಯಾಟಿನ್ನಿನಲ್ಲಿ ರಾಜ. 2022ರ ಸೆಪ್ಟೆಂಬರ್ 8ರಂದು ಎಲಿಜಬೆತ್ ಸಾಯುವ ತನಕ ಅಲ್ಲಿ ಇ, ರೋಮನ್ ಎರಡು, ಆರ್ ಇತ್ತು. ಆಗ ಆರ್ ಅಂದರೆ ರೆಜೀನಾ, ರಾಣಿ. 2023ರ ಮೇ 6ರ ಪಟ್ಟಾಭಿಷೇಕದ ಹೊತ್ತಿಗೆ ಕೆಂಪು ಬಟ್ಟೆ ಮೇಲೆ ಚಿನ್ನದ ದಾರದ ಹೊಸ ಅಕ್ಷರ ಬಂತು. ಹೆಣ್ಣು ಹೋಗಿ ಗಂಡು ಬಂದರೂ ಆರ್ ಮಾತ್ರ ಕೂತಲ್ಲೇ ಕೂತಿತು. ಆಳುವವರು ಸಾಯ್ತಾರೆ, ಆಳ್ವಿಕೆ ಸಾಯಲ್ಲ ಅನ್ನೋದನ್ನ ದರ್ಜಿಯೇ ಹೊಲಿದುಬಿಟ್ಟ.

ಈ ಅಂಗಿ ತೊಡೋರು ಅರಮನೆಯವರಲ್ಲ. ಕನಿಷ್ಠ 22 ವರ್ಷ ಸೇನೆಯಲ್ಲಿ ದುಡಿದು, ಒಳ್ಳೆ ನಡತೆಯ ಪದಕ ಪಡೆದವರು. ಅವರ ಹೆಮ್ಮೆಯನ್ನು ನಾವು ಗೇಲಿ ಮಾಡುವುದಿಲ್ಲ. ಆದರೆ ಒಂದು ಮಾತು ಕೇಳಬೇಕು. ಮನುಷ್ಯನ ಎದೆ ಮೇಲೆ ಇನ್ನೊಬ್ಬನ ಹೆಸರು ಇರೋದು ಗೌರವವೋ, ದನಕ್ಕೆ ಹಾಕುವ ಮುದ್ರೆಯೋ?

ನಮ್ಮಪ್ಪ ಶಾಲೆಗೆ ಹೋದದ್ದು ಗೌಡರ ಮನೆಯ ಹಳೇ ಅಂಗಿ ತೊಟ್ಟು. ಕಾಲರಿನ ಒಳಗೆ ಆ ಮನೆಯ ಬಟ್ಟೆಗೆ ಮಡಿವಾಳರು ಹಾಕುತ್ತಿದ್ದ ಗೇರುಕಾಯಿ ಗುರುತು. ನಮ್ಮಜ್ಜಿ ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ. ಅಂಗಿ ನಮ್ಮದಾಯಿತು, ಗುರುತು ಅವರದೇ ಉಳೀತು. ತರಗತಿಯ ಹುಡುಗರು ಅದನ್ನು ಮಗ್ಗಿಗಿಂತ ಚೆನ್ನಾಗಿ ಓದುತ್ತಿದ್ದರು.

ಇನ್ನು ಆ ಲ್ಯಾಟಿನ್. ಇವತ್ತು ಲಂಡನ್ನಿನ ಬೀದಿಯಲ್ಲಿ ಯಾರೂ ಆಡದ ಭಾಷೆ. ಅರ್ಥವಾಗದ್ದಕ್ಕೇ ತೂಕ ಜಾಸ್ತಿ. ಮಂತ್ರ ಕೇಳಿ ಕೈಮುಗಿದ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆದರೆ ಓದಿದವರು ಸುಮ್ಮನಿರಲಿಲ್ಲ. 1952ರಲ್ಲಿ ಎಡಿನ್‌ಬರೋದ ಇಂಚ್ ಬಡಾವಣೆಯಲ್ಲಿ ಎಲಿಜಬೆತ್ತಳ ಅಕ್ಷರವಿದ್ದ ಅಂಚೆಪೆಟ್ಟಿಗೆ ನಿಲ್ಲಿಸಿದರು. ಸ್ಕಾಟ್ಲೆಂಡಿಗೆ ಮೊದಲನೇ ಎಲಿಜಬೆತ್ತೇ ಇರಲಿಲ್ಲ, ಎರಡನೆಯವಳು ಎಲ್ಲಿಂದ ಬಂದಳು ಅಂತ ಜನ ಸಿಟ್ಟಾದರು. 1953ರ ಫೆಬ್ರವರಿಯಲ್ಲಿ ಆ ಪೆಟ್ಟಿಗೆಯನ್ನು ಸಿಡಿಸಿದರು. ಆಮೇಲೆ ಅಲ್ಲಿನ ಪೆಟ್ಟಿಗೆಗಳ ಮೇಲೆ ಅಕ್ಷರ ಬಿಟ್ಟು ಸ್ಕಾಟ್ಲೆಂಡಿನ ಕಿರೀಟವನ್ನಷ್ಟೇ ಹಾಕಿದರು. ಸರ್ಕಾರ ಸೋತಿತು, ಕಿರೀಟವೇನೂ ಸೋಲಲಿಲ್ಲ ಅನ್ನಿ.

ನಮ್ಮ ದೇಶದಲ್ಲಿ ಆ ಆರ್ ಪಕ್ಕ ಇನ್ನೊಂದು ಅಕ್ಷರ ನಿಂತಿತ್ತು: ಐ. ಚಕ್ರವರ್ತಿ ಅನ್ನೋದಕ್ಕೆ. 1877ರಲ್ಲಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಅಂತ ಸಾರಿಸಿಕೊಂಡಳು. 1948ರಲ್ಲಿ ಅವಳ ಮೊಮ್ಮಗನ ಮಗ ಆ ಬಿರುದು ಬಿಟ್ಟ. ಈ ನಡುವೆ ಆ ಕಿರೀಟಕ್ಕೆ ದುಡಿದ ಮಹಾರ್ ಸೈನಿಕರನ್ನು 1890ರ ದಶಕದಲ್ಲಿ ಸೇನೆಗೆ ಸೇರಿಸುವುದನ್ನೇ ನಿಲ್ಲಿಸಿದರು. ಅಂಬೇಡ್ಕರರ ತಂದೆ ಸುಬೇದಾರರಾಗಿದ್ದ ಸೇನೆ ಅದು. ಮುದ್ರೆ ಹಾಕಿದವನಿಗೆ ಮುದ್ರೆ ಕೀಳೋದಕ್ಕೂ ಒಪ್ಪಿಗೆ ಬೇಕಿರಲಿಲ್ಲ.

1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದರು. ಅವರ ಟೋಪಿಯ ಬಿಲ್ಲೆಯಲ್ಲಿ ಕೋರೆಗಾಂವದ ಕಂಬವಿತ್ತು. 1818ರ ಜನವರಿ 1ರಂದು ಅಲ್ಲಿ ಸತ್ತವರ ಹೆಸರು ಕೆತ್ತಿದ ಕಂಬ. ಕಂಬ ನಿಲ್ಲಿಸಿದ್ದೂ ಕಂಪನಿಯೇ, ಸತ್ತದ್ದೂ ಕಂಪನಿಗಾಗಿಯೇ, ಒಪ್ಪಿದೆವು. ಆದರೂ ತೊಟ್ಟವನ ಹಣೆ ಮೇಲೆ ತೊಟ್ಟವನ ಕುಲದ ಹಿರಿಯರೇ ಇದ್ದರಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಕಂಬವನ್ನು ಬಿಲ್ಲೆಯಿಂದ ತೆಗೆದರು. ಯಾರನ್ನ ಕೇಳಿ ತೆಗೆದರು ಸ್ವಾಮಿ?